ನಾಯಿ, ಬೆಕ್ಕು, ಹಸುಗಳಿಗೆ ಫಂಗಸ್ ಮತ್ತು ಅಲರ್ಜಿ: ಬೆಂಗಳೂರಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಬೀದಿಯಲ್ಲಿ ಒಂದಲ್ಲ ಒಂದು ನಾಯಿ ಕಿವಿ ಕೊಡವುತ್ತಾ ನಿಂತಿರುತ್ತದೆ. ನವೆಂಬರ್ ತನಕ ಇದೇ ಕತೆ. ನಾನು ಪಶುವೈದ್ಯೆ ಅಲ್ಲ. ವಿದ್ಯಾರಣ್ಯಪುರದ ಗ್ರೌಂಡ್ ಫ್ಲೋರ್ ಮನೆಯಲ್ಲಿ ಗುಂಡ ಅನ್ನೋ ಲ್ಯಾಬ್ರಡಾರ್, ಚಿನ್ನಿ ಅನ್ನೋ ಬೆಕ್ಕು ಸಾಕಿಕೊಂಡವಳು. ಒಂದೇ ಮಳೆಗಾಲದಲ್ಲಿ ಎರಡಕ್ಕೂ ಫಂಗಸ್ ಆಯಿತು. ನನ್ನ ಮೊಣಕೈಗೂ ಹತ್ತಿತು. ಎಂಟು ತಿಂಗಳು ಒದ್ದಾಡಿ, ವೈದ್ಯರ ತಲೆ ತಿಂದು, ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ಈಗ ಅಕ್ಕಪಕ್ಕದವರೆಲ್ಲ ನನ್ನನ್ನೇ ಕೇಳುತ್ತಾರೆ. ಅವೇ ಪ್ರಶ್ನೆಗಳು ಇಲ್ಲಿವೆ. ಔಷಧಿಯ ಪ್ರಮಾಣವನ್ನು ಬೇಕೆಂದೇ ಬರೆದಿಲ್ಲ. ಅದು ಪ್ರಾಣಿಯ ತೂಕ, ಲಿವರ್ ನೋಡಿ ವೈದ್ಯರು ಹೇಳಬೇಕಾದ ಮಾತು.

ಫಂಗಸ್ ಅಂದರೆ ಎಲ್ಲ ಒಂದೇ ಅಲ್ವಾ?

ಅಲ್ಲ. ಎಡವಟ್ಟು ಶುರುವಾಗುವುದೇ ಇಲ್ಲಿಂದ. ಚಿನ್ನಿಗೆ ಬಂದದ್ದು ಹುಳುಕಡ್ಡಿ. ಅದು ಹೊರಗಿನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಗುಂಡನಿಗೆ ಬಂದದ್ದು ಯೀಸ್ಟ್, ಮಲಸೀಜಿಯಾ ಎಂದು ಅದರ ಹೆಸರು. ಅದು ಎಲ್ಲಿಂದಲೋ ಬಂದದ್ದಲ್ಲ, ಎಲ್ಲ ನಾಯಿಗಳ ಚರ್ಮದ ಮೇಲೂ ಸುಮ್ನೆ ಇರುವಂಥದ್ದು. ಚರ್ಮ ಸೋತಾಗ ಹೆಚ್ಚಿಕೊಳ್ಳುತ್ತದೆ. ನನ್ನ ಕೈಗೆ ಹತ್ತಿದ್ದು ಚಿನ್ನಿಯದು, ಗುಂಡನದಲ್ಲ. ಆದರೆ ಮೂರು ತಿಂಗಳು ನಾನು ಗುಂಡನನ್ನೇ ಬೈದುಕೊಂಡು ಓಡಾಡಿದೆ, ಪಾಪ.

ಇದಲ್ಲದೆ ಬೂಷ್ಟಿನ ಕಣ ಮೂಗಿಗೆ, ಚರ್ಮಕ್ಕೆ ತಾಕಿ ಅಲರ್ಜಿ ಆಗುವುದು ಬೇರೆ. ಬೂಷ್ಟು ಹಿಡಿದ ಮೇವು ತಿಂದು ವಿಷ ಏರುವುದು ಇನ್ನೂ ಬೇರೆ. ನಾಲ್ಕಕ್ಕೂ ಬೇರೆ ಬೇರೆ ಮದ್ದು. ಎಲ್ಲದಕ್ಕೂ ಒಂದೇ ಟ್ಯೂಬ್ ಹಚ್ಚಿದರೆ ಹೇಗೆ?

ಹುಳುಕಡ್ಡಿ ಅಂದರೆ ಚರ್ಮದೊಳಗೆ ಹುಳ ಇರುತ್ತಾ?

ಇಲ್ಲ. ಹೆಸರಷ್ಟೇ. ಇಂಗ್ಲಿಷಿನವರೂ ಹುಳ ಎಂದೇ ಹೆಸರಿಟ್ಟರು, ನಾವೂ ಇಟ್ಟೆವು. ಇದು ಕೂದಲು, ಚರ್ಮದ ಹೊರಪದರ ಮತ್ತು ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರ. ಜಂತುಹುಳದ ಮಾತ್ರೆ ನುಂಗಿಸಿದರೆ ಇದಕ್ಕೆ ಏನೂ ಆಗುವುದಿಲ್ಲ.

ಬೆಕ್ಕಿನ ಮರಿಗೆ ಅಲ್ಲಲ್ಲಿ ಕೂದಲು ಉದುರಿದೆ. ಹುಳುಕಡ್ಡಿನೇ ಅಂತ ಹೇಗೆ ಗೊತ್ತಾಗೋದು?

ಕಣ್ಣಲ್ಲಿ ನೋಡಿ ಗೊತ್ತಾಗುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಇರುವಂಥ ಅಚ್ಚುಕಟ್ಟಾದ ಉಂಗುರ ಮನುಷ್ಯರ ಚರ್ಮದಲ್ಲಿ ಕಾಣುತ್ತದೆ. ಬೆಕ್ಕಿನಲ್ಲಿ ಕಿವಿ, ಮುಖ, ಮುಂಗಾಲಿನ ಹತ್ತಿರ ಕೂದಲು ತುಂಡಾದಂತೆ, ಬೂದಿ ಉದುರಿದಂತೆ ಕಾಣಬಹುದು. ತುರಿಕೆ ಇರಲೇಬೇಕೆಂದಿಲ್ಲ. ಪರ್ಷಿಯನ್ ಥರದ ಉದ್ದಕೂದಲಿನ ಬೆಕ್ಕುಗಳು ಹೊರಗೆ ಏನೂ ಕಾಣಿಸದೆಯೇ ಮೈತುಂಬಾ ಹೊತ್ತುಕೊಂಡಿರುತ್ತವೆ. ಪೆಟ್ ಅಂಗಡಿಯಿಂದ ಮರಿ ತಂದವರು ಇದನ್ನು ನೆನಪಿಡಿ.

ಬೆಕ್ಕಿನಲ್ಲಿ ಬಹುಪಾಲು ಇದನ್ನು ತರುವುದು ಮೈಕ್ರೋಸ್ಪೋರಮ್ ಕ್ಯಾನಿಸ್. ಕ್ಯಾನಿಸ್ ಎಂದರೆ ನಾಯಿಯದು ಎಂದರ್ಥ, ಆದರೆ ಅದಕ್ಕೆ ಇಷ್ಟ ಬೆಕ್ಕು! ವೈದ್ಯರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದಾಗ ಕೂದಲಿನ ಬುಡ ಹಸಿರು ಸೇಬಿನ ಬಣ್ಣದಲ್ಲಿ ಹೊಳೆದರೆ ಇದರ ಸುಳಿವು ಸಿಕ್ಕಿತು. ಹೊಳೆಯದಿದ್ದರೆ ರೋಗ ಇಲ್ಲ ಎಂದಲ್ಲ. ಇಲಿಗಳಿಂದ ಬರುವ, ಮಣ್ಣಿನಿಂದ ಬರುವ ಜಾತಿಗಳು ಹೊಳೆಯುವುದೇ ಇಲ್ಲ. ಇನ್ನು ಹಚ್ಚಿದ ಮುಲಾಮು, ಸೋಪು, ಹೊಟ್ಟು ಕೂಡ ಮಿಂಚುತ್ತವೆ. ನಮ್ಮ ಪಕ್ಕದ ಮನೆಯವರು ನೋಟು ಪರೀಕ್ಷಿಸುವ ಟಾರ್ಚ್ ತಂದು ನೋಡಿ, ಬೆಕ್ಕೆಲ್ಲ ಹೊಳೀತಿದೆ ಎಂದು ಗಾಬರಿಯಾಗಿದ್ದರು. ಪೌಡರ್ ಹಾಕಿದ್ದರಂತೆ.

ಗಟ್ಟಿ ಉತ್ತರ ಬೇಕಾದರೆ ಕಲ್ಚರ್ ಪರೀಕ್ಷೆ. ಹೊಸ ಹಲ್ಲುಜ್ಜುವ ಬ್ರಶ್ಶಿನಿಂದ ಮೈಯೆಲ್ಲ ಬಾಚಿ, ಅದನ್ನು ತಟ್ಟೆಗೆ ಒತ್ತಿ ಬೆಳೆಯಲು ಬಿಡುತ್ತಾರೆ. ಮೂರು ವಾರದ ತನಕ ಕಾಯಬೇಕಾಗಬಹುದು. ಶಿಲೀಂಧ್ರದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದರೆ ಬೇಗ ಗೊತ್ತಾಗುತ್ತದೆ.

ಮನೇಲಿ ಮಕ್ಕಳಿದ್ದಾರೆ. ಅವರಿಗೂ ಹತ್ತುತ್ತಾ?

ಹತ್ತುತ್ತದೆ. ಮಕ್ಕಳು ಬೆಕ್ಕನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರಲ್ಲ, ಅದಕ್ಕೇ ಅವರಿಗೆ ಬೇಗ. ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ದಿನಾ ಸ್ಟೀರಾಯ್ಡ್ ನುಂಗುವವರು ಜಾಸ್ತಿ ಎಚ್ಚರ ವಹಿಸಬೇಕು. ಮನುಷ್ಯರಿಗೆ ಆದರೆ ಚರ್ಮದ ವೈದ್ಯರ ಹತ್ತಿರ ಹೋಗಿ, ಮನೇಲಿ ಬೆಕ್ಕಿದೆ ಎಂದು ಮೊದಲೇ ಹೇಳಿ. ನಾನು ಹೇಳದೆ ಎರಡು ವಾರ ಕಳೆದೆ.

ನಾಯಿಯ ಯೀಸ್ಟ್ ಹಾಗಲ್ಲ. ಆರೋಗ್ಯವಾಗಿರುವ ಮನೆಮಂದಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಕೈ ತೊಳೆದರೆ ಸಾಕು.

ಹಾಗಾದರೆ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬರೋದೇ ಒಳ್ಳೇದು ಅಂತಾರೆ ನಮ್ಮತ್ತೆ?

ಬೇಡ ಅಂತ ಹೇಳಿ. ಇದು ವಾಸಿಯಾಗುವ ಕಾಯಿಲೆ. ಆರೋಗ್ಯವಂತ ಬೆಕ್ಕಿಗೆ ತಾನಾಗಿಯೇ ವಾಸಿಯಾಗುವುದೂ ಉಂಟು, ಆದರೆ ಅಷ್ಟರೊಳಗೆ ಮನೆಯೆಲ್ಲ ಹರಡಿರುತ್ತದೆ. ಒಂದು ಕೋಣೆಯಲ್ಲಿ, ಒರೆಸಲು ಸುಲಭವಾದ ಜಾಗದಲ್ಲಿ ಇಡಿ. ಆದರೆ ಮರಿಯನ್ನು ವಾರಗಟ್ಟಲೆ ಒಂಟಿಯಾಗಿ ಕೂಡಿಹಾಕಿದರೆ ಅದು ಮನುಷ್ಯರನ್ನೇ ಮರೆತುಬಿಡುತ್ತದೆ. ಮೇಲೊಂದು ಹಳೇ ನೈಟಿ ಹಾಕಿಕೊಂಡು ಹೋಗಿ ಆಟ ಆಡಿಸಿ, ಬಂದು ಕೈ ತೊಳೆದು ಬಟ್ಟೆ ಬದಲಿಸಿ. ನಾನು ಹಾಗೇ ಮಾಡಿದೆ.

ಚಿಕಿತ್ಸೆಗೆ ಎರಡು ಕಾಲು ಬೇಕು: ಹೊಟ್ಟೆಗೆ ಔಷಧಿ, ಮೈಗೆ ಔಷಧಿ ಸ್ನಾನ. ಬೆಕ್ಕಿಗೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಕೊಡುತ್ತಾರೆ. ಒಂದು ವಾರ ಕೊಟ್ಟು ಒಂದು ವಾರ ಬಿಡುವ ಕ್ರಮ ಹೆಚ್ಚು. ಹಳೇ ಔಷಧಿ ಗ್ರಿಸಿಯೋಫುಲ್ವಿನ್ ಗಬ್ಬದ ಬೆಕ್ಕಿಗೆ ಕೊಡಲೇಬಾರದು, ಮರಿಗಳು ಅಂಗವಿಕಲವಾಗಿ ಹುಟ್ಟಬಹುದು. ಕೂದಲು ಮತ್ತೆ ಬಂತು ಎಂದು ನಿಲ್ಲಿಸಬೇಡಿ. ಕೂದಲು ಬರುವುದಕ್ಕೂ ಶಿಲೀಂಧ್ರ ಹೋಗುವುದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಮತ್ತೆ ಮಾಡಿಸಿ, ಇಲ್ಲ ಎಂದು ಬಂದ ಮೇಲೆ ವೈದ್ಯರು ಹೇಳಿದಾಗ ನಿಲ್ಲಿಸಿ.

ಮೆಡಿಕಲ್ ಶಾಪಿನಲ್ಲಿ ಫಂಗಸ್, ಬ್ಯಾಕ್ಟೀರಿಯಾ, ತುರಿಕೆ ಮೂರಕ್ಕೂ ಸೇರಿಸಿ ಮಾಡಿದ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನದಲ್ಲಿ ತುರಿಕೆ ನಿಂತಿದೆ. ಮುಂದುವರಿಸಲಾ?

ಈಗಲೇ ನಿಲ್ಲಿಸಿ. ಟ್ಯೂಬಿನ ಮೇಲೆ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಚರ್ಮದ ಕಾವಲನ್ನೂ ಮಲಗಿಸುತ್ತದೆ. ಒಳಗೆ ಶಿಲೀಂಧ್ರಕ್ಕೆ ಹಬ್ಬ. ಟ್ಯೂಬ್ ಬಿಟ್ಟ ಹತ್ತು ದಿನಕ್ಕೆ ಇಮ್ಮಡಿಯಾಗಿ ಎದ್ದು ಬರುತ್ತದೆ. ನಾಯಿ, ಬೆಕ್ಕು ಅದನ್ನು ನೆಕ್ಕಿ ಹೊಟ್ಟೆಗೂ ಇಳಿಸುತ್ತವೆ.

ನನಗೂ ಹೀಗೇ ಆಯಿತು. ಅಂಗಡಿಯವರು ಒಳ್ಳೇ ಮನಸ್ಸಿನಿಂದಲೇ ಕೊಟ್ಟರು, ನಾನೂ ಒಳ್ಳೇ ಮನಸ್ಸಿನಿಂದಲೇ ಹಚ್ಚಿದೆ. ಎಂಟು ತಿಂಗಳಲ್ಲಿ ಮೂರು ತಿಂಗಳು ಆ ಟ್ಯೂಬಿಗೇ ಹೋಯಿತು.

ಈ ಥರದ ಮಿಶ್ರಣದ ಮುಲಾಮುಗಳಿಂದ ಮನುಷ್ಯರ ಹುಳುಕಡ್ಡಿಯೇ ನಮ್ಮ ದೇಶದಲ್ಲಿ ಹಟಮಾರಿಯಾಗಿದೆ. ಅಂಥ ಒಂದು ಜಾತಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೇ ಎಂದು ಭಾರತದ ಹೆಸರನ್ನೇ ಸೇರಿಸಿ ಕರೆದರು. ಟೆರ್ಬಿನಫಿನ್ ಎಂಬ ಸಾಮಾನ್ಯ ಔಷಧಿಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಹೆಮ್ಮೆ ಪಡುವ ವಿಷಯ ಅಲ್ಲ.

ಮನೆಯನ್ನು ಹೇಗೆ ಶುಚಿ ಮಾಡೋದು? ಫಿನೈಲ್ ಸಾಕಾ?

ಬೆಕ್ಕಿರುವ ಮನೆಗೆ ಫಿನೈಲ್ ಬೇಡವೇ ಬೇಡ, ಡೆಟಾಲ್ ಕೂಡ. ಇಂಥ ಫಿನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಕರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ತೊಂದರೆ.

ಹುಳುಕಡ್ಡಿಯ ಬೀಜಕಣ ಉದುರಿದ ಕೂದಲಿನಲ್ಲಿ ಒಂದೂವರೆ ವರ್ಷದ ತನಕ ಬದುಕಬಲ್ಲದು. ಕೇಳಿದರೆ ಎದೆ ಝಲ್ ಎನ್ನುತ್ತದೆ, ಅಲ್ವಾ? ಆದರೆ ಗೋಡೆಯ ಬೂಷ್ಟಿನಂತೆ ಅದು ನೆಲದ ಮೇಲೆ, ಸೋಫಾದ ಮೇಲೆ ಬೆಳೆಯುವುದಿಲ್ಲ. ಸುಮ್ನೆ ಬಿದ್ದಿರುತ್ತದೆ ಅಷ್ಟೆ. ಅಂದರೆ ಕೂದಲು ತೆಗೆದರೆ ಮುಕ್ಕಾಲು ಕೆಲಸ ಆಯಿತು. ಒಣ ಪೊರಕೆ ಆಡಿಸಿದರೆ ಹಾರಿ ಹರಡುತ್ತದೆ. ವ್ಯಾಕ್ಯೂಮ್ ಇದ್ದರೆ ಅದು, ಇಲ್ಲದಿದ್ದರೆ ಒದ್ದೆ ಬಟ್ಟೆ. ಮೊದಲು ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ತೆಳು ಮಾಡಿದ ಬ್ಲೀಚ್ ಹಚ್ಚಿ ಹತ್ತು ನಿಮಿಷ ಒದ್ದೆಯಾಗಿರಲು ಬಿಟ್ಟು, ನೀರಿನಲ್ಲಿ ಒರೆಸಿ ತೆಗೆಯಿರಿ. ಅಷ್ಟೂ ಹೊತ್ತು ಬೆಕ್ಕು ಹೊರಗಿರಲಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬಟ್ಟೆಗಳನ್ನು ಮಿಷಿನ್‌ಗೆ ಒತ್ತಿ ತುಂಬದೆ ಎರಡು ಸಲ ಒಗೆದರೆ ಸಾಕು. ಬಿಸಿನೀರೇ ಬೇಕೆಂದಿಲ್ಲ.

ನಮ್ಮ ಲ್ಯಾಬ್ ಕಿವಿ ಸದಾ ನಾರುತ್ತದೆ. ಔಷಧಿ ಹಾಕಿದಾಗ ಸರಿ, ಬಿಟ್ಟರೆ ಮತ್ತೆ ಅದೇ. ಯಾಕೆ?

ಗುಂಡನದೂ ಇದೇ ಕತೆ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ನಾಯಿಯ ಕಿವಿಯ ನಾಳ ನಮ್ಮದರ ಥರ ನೇರ ಅಲ್ಲ. ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಮೇಲೆ ಜೋತುಬಿದ್ದ ಕಿವಿ, ಒಳಗೆ ಬೆಚ್ಚಗೆ, ತೇವ, ಎಣ್ಣೆಯ ಅಂಶ. ಮಲಸೀಜಿಯಾಗೆ ಇದಕ್ಕಿಂತ ಒಳ್ಳೇ ಬಾಡಿಗೆ ಮನೆ ಬೇಕಾ? ಕಂದು ಬಣ್ಣದ ಕೊಳೆ, ಹುಳಿ ಹಿಡಿದ ಹಿಟ್ಟಿನ ಥರದ ವಾಸನೆ, ತಲೆ ಕೊಡವುವುದು. ಇದೇ ಯೀಸ್ಟ್ ಕಾಲ್ಬೆರಳ ಸಂದಿ, ಕತ್ತಿನ ಮಡಿಕೆ, ಕಂಕುಳಿಗೂ ಬರುತ್ತದೆ. ಬಹಳ ದಿನ ಬಿಟ್ಟರೆ ಚರ್ಮ ಕಪ್ಪಾಗಿ, ದಪ್ಪವಾಗಿ, ಆನೆ ಚರ್ಮದಂತಾಗುತ್ತದೆ.

ಯೀಸ್ಟ್ ಬಾಡಿಗೆದಾರ ಮಾತ್ರ. ಬಾಗಿಲು ತೆಗೆದವರು ಬೇರೆ ಇರುತ್ತಾರೆ. ಹೆಚ್ಚಿನ ನಾಯಿಗಳಲ್ಲಿ ಅದು ಅಲರ್ಜಿ. ಕೆಲವಕ್ಕೆ ಥೈರಾಯ್ಡ್ ಕಮ್ಮಿ. ಮೂಲ ಹುಡುಕದೆ ಡ್ರಾಪ್ಸ್ ಹಾಕುತ್ತಾ ಹೋದರೆ ಮತ್ತೆ ಮತ್ತೆ ಬರುವುದೇ. ನಾಲ್ಕನೇ ಸಲ ಕಿವಿ ಸೋರಿದಾಗ ವೈದ್ಯರನ್ನು ನೇರವಾಗಿ ಕೇಳಿ: ಇದಕ್ಕೆ ಕಾರಣ ಏನು ಸಾರ್?

ಅವರು ಕಿವಿಯ ಕೊಳೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಯೀಸ್ಟ್ ಕಡಲೆಕಾಯಿ ಸಿಪ್ಪೆಯ ಆಕಾರದಲ್ಲಿ, ನಡು ಸಣ್ಣಗೆ, ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಡ್ರಾಪ್ಸ್ ಬರೆದರೆ ಅದು ಅಂದಾಜು ಅಷ್ಟೆ. ಬಡ್ಸ್ ಹಾಕಿ ನೀವೇ ತೋಡಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ಡ್ರಾಪ್ಸ್ ಕೇಳಿಸುವುದನ್ನೇ ಕೆಡಿಸುತ್ತವೆ. ಹಾಗಾಗಿ ಹಳೇ ಬಾಟಲಿಯಲ್ಲಿ ಉಳಿದದ್ದನ್ನು ಹಾಕುವ ಉಳಿತಾಯವೂ ಬೇಡ.

ಅಲರ್ಜಿ ಅಂತೀರಲ್ಲ, ಬೂಷ್ಟಿಗೇ ಅಲರ್ಜಿ ಆಗುತ್ತಾ?

ಆಗುತ್ತದೆ. ಬೂಷ್ಟಿನ ಬೀಜಕಣ, ಧೂಳಿನ ನುಸಿ, ಹೂವಿನ ಪರಾಗ, ಇವೆಲ್ಲ ನಾಯಿಗೆ ಅಲರ್ಜಿ ತರುವಂಥವು. ನಮಗಾದರೆ ಸೀನು, ನೆಗಡಿ. ನಾಯಿಗೆ ಚರ್ಮದಲ್ಲಿ ಎದ್ದು ಕಾಣುತ್ತದೆ: ಪಾದ ನೆಕ್ಕುವುದು, ಹೊಟ್ಟೆ ಕೆರೆಯುವುದು, ಮುಖವನ್ನು ಕಾರ್ಪೆಟ್ಟಿಗೆ ಉಜ್ಜುವುದು, ಕಿವಿ ಕೆಂಪಗಾಗುವುದು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಬಿಳಿ ನಾಯಿಯ ಪಾದ ಎಂಜಲಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಪಡಿ. ಕೆಲವು ನಾಯಿಗಳಿಗೆ ತಮ್ಮ ಮೈಮೇಲಿನ ಮಲಸೀಜಿಯಾಗೇ ಅಲರ್ಜಿ. ಆಗ ಸ್ವಲ್ಪವೇ ಯೀಸ್ಟ್ ಇದ್ದರೂ ತುರಿಕೆ ತಡೆಯಲಾಗುವುದಿಲ್ಲ.

ಬೆಂಗಳೂರಿನಲ್ಲಿ ಚಳಿ ಬಂದು ಎಲ್ಲ ಹೆಪ್ಪುಗಟ್ಟುವ ಕಾಲವೇ ಇಲ್ಲವಲ್ಲ. ನುಸಿಗೂ ಬೂಷ್ಟಿಗೂ ವರ್ಷವಿಡೀ ರಜೆ ಇಲ್ಲ. ಒಂದಕ್ಕೊಂದು ಅಂಟಿದ ಮನೆಗಳು, ಬಿಸಿಲು ಬೀಳದ ಹಿಂದಿನ ಕೋಣೆ, ಮಳೆಗಾಲದಲ್ಲಿ ಒಳಗೇ ಒಣಗಿಸುವ ಬಟ್ಟೆ, ಗೋಡೆ ಮೂಲೆಯಲ್ಲಿ ಕರಿ ಚುಕ್ಕೆ. ನಾಯಿಯ ಹಾಸಿಗೆ ಇರುವುದೂ ಆ ಮೂಲೆಯಲ್ಲೇ. ನಮ್ಮ ಮನೆಯಲ್ಲಿ ಗುಂಡನ ಹಾಸಿಗೆಯನ್ನು ಕಿಟಕಿ ಪಕ್ಕಕ್ಕೆ ತಂದು, ಗೋಡೆಯ ಸೋರಿಕೆ ರಿಪೇರಿ ಮಾಡಿಸಿದೆ. ಅದರಿಂದಲೇ ವಾಸಿಯಾಯಿತು ಎನ್ನಲಾರೆ, ಆದರೆ ಔಷಧಿ ಕಮ್ಮಿ ಸಾಕಾಯಿತು.

ಅಲರ್ಜಿ ಎನ್ನುವ ಮೊದಲು ಚಿಗಟ, ಉಣ್ಣೆಗೆ ಔಷಧಿ ಹಾಕಿ ನೋಡಿ. ಸೊಂಟ, ಬಾಲದ ಬುಡದಲ್ಲೇ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ.

ಮೊಸರನ್ನ ಹಾಕೋದರಿಂದ ಫಂಗಸ್ ಬಂತು ಅಂತ ಒಬ್ಬರು, ಮೊಸರನ್ನದಿಂದಲೇ ಹೋಗುತ್ತೆ ಅಂತ ಇನ್ನೊಬ್ಬರು. ಯಾವುದು ನಿಜ?

ಎರಡೂ ಅಲ್ಲ. ಅನ್ನದ ಪಿಷ್ಟ ತಿಂದು ಚರ್ಮದ ಯೀಸ್ಟ್ ಬೆಳೆಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮೊಸರಿನ ಒಳ್ಳೇ ಕ್ರಿಮಿಗಳು ಹೊಟ್ಟೆಯಿಂದ ಎದ್ದು ಕಿವಿಗೆ ಹೋಗಿ ಯೀಸ್ಟ್ ಓಡಿಸುವುದೂ ಇಲ್ಲ. ಆದರೆ ಕೆಲವು ನಾಯಿಗಳಿಗೆ ಹಾಲಿನ ಪದಾರ್ಥ, ಕೋಳಿ, ದನದ ಮಾಂಸ ಅಥವಾ ಗೋಧಿಗೆ ಆಹಾರದ ಅಲರ್ಜಿ ಇರುತ್ತದೆ. ಅಂಥ ನಾಯಿಗೆ ಮೊಸರೇ ಕಾರಣ ಇರಬಹುದು. ಪತ್ತೆ ಮಾಡಲು ಇರುವುದು ಒಂದೇ ದಾರಿ: ಸುಮಾರು ಎಂಟು ವಾರ ಹಿಂದೆಂದೂ ತಿನ್ನದ ಆಹಾರವನ್ನು ಮಾತ್ರ ಹಾಕಿ, ಆಮೇಲೆ ಹಳೆಯದನ್ನು ಮತ್ತೆ ಕೊಟ್ಟು ನೋಡುವುದು. ಎಂಟು ವಾರ ಎಂದರೆ ಎಂಟು ವಾರವೂ. ನಡುವೆ ತಾತ ಕದ್ದು ಕೊಟ್ಟ ಒಂದು ಬಿಸ್ಕತ್ತು ಎಲ್ಲ ಕೆಡಿಸುತ್ತದೆ.

ಸ್ನಾನ ಎಷ್ಟು ಸಲ?

ಯೀಸ್ಟ್ ಇರುವಾಗ ವಾರಕ್ಕೆ ಎರಡು ಸಲ ಎನ್ನುವುದು ರೂಢಿ. ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಎರಡೂ ಇರುವ ಶಾಂಪೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೊರೆ ಮೈಮೇಲೆ ಹತ್ತು ನಿಮಿಷ ಇರಬೇಕು. ಗಡಿಯಾರ ನೋಡಿ. ನಮ್ಮ ಅಂದಾಜಿನ ಹತ್ತು ನಿಮಿಷ ನಿಜಕ್ಕೂ ಮೂರೇ ನಿಮಿಷ ಇರುತ್ತದೆ. ಆಮೇಲೆ ಬೆರಳ ಸಂದಿಯ ತನಕ ಒರೆಸಿ. ಮಳೆಯಲ್ಲಿ ವಾಕಿಂಗ್ ಹೋಗಿ ಬಂದಾಗಲೂ ಅಷ್ಟೇ.

ಬೇವಿನೆಣ್ಣೆ, ಅರಿಶಿನ, ಕೊಬ್ಬರಿ ಎಣ್ಣೆ?

ಅರಿಶಿನ ಹಚ್ಚಿದರೆ ನಾಯಿ ಹಳದಿ, ಸೋಫಾ ಹಳದಿ. ಎಣ್ಣೆ ಹಚ್ಚುವುದು ನನಗೆ ಸರಿಕಾಣುವುದಿಲ್ಲ. ಮಲಸೀಜಿಯಾ ಜಿಡ್ಡನ್ನು ಇಷ್ಟಪಡುವ ಯೀಸ್ಟ್. ಜಿಡ್ಡು ತೆಗೆಯುವ ಶಾಂಪೂ ಹಾಕಿ ಮೇಲೆ ಎಣ್ಣೆ ಸವರಿದರೆ ಏನು ಬಂತು? ಟೀ ಟ್ರೀ ಎಣ್ಣೆಯಂತೂ ಬೆಕ್ಕಿಗೂ ನಾಯಿಗೂ ವಿಷ. ನೈಸರ್ಗಿಕ ಎಂದು ಬರೆದ ಮಾತ್ರಕ್ಕೆ ನಂಬಬೇಡಿ.

ಬೀದಿಯ ನಾಯಿಗೆ ಮೈಯೆಲ್ಲ ಕೂದಲು ಉದುರಿದೆ. ಫಂಗಸ್ಸಾ?

ಬಹುಶಃ ಕಜ್ಜಿ. ಅದು ನುಸಿಯಿಂದ ಬರುವುದು, ಶಿಲೀಂಧ್ರದಿಂದ ಅಲ್ಲ. ಕಿವಿಯ ಅಂಚು, ಮೊಣಕೈಯಲ್ಲಿ ಹುರುಪೆ, ನಿಲ್ಲದ ಕೆರೆತ ಇದ್ದರೆ ಅದೇ. ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ, ವಾಸಿ ಮಾಡುವುದೂ ಕಷ್ಟವಲ್ಲ. ಗ್ಯಾರೇಜಿನ ಸುಟ್ಟ ಆಯಿಲ್, ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ಬಾಲ್ಕನಿಯಲ್ಲಿ ಪಾರಿವಾಳದ ಕಾಟ. ಅದರಿಂದ ಬೆಕ್ಕಿಗೆ ಏನಾದರೂ ಬರುತ್ತಾ?

ಬರಬಹುದು, ಅಪರೂಪಕ್ಕೆ. ಒಣಗಿದ ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಯೀಸ್ಟ್ ಬೆಳೆಯುತ್ತದೆ. ಉಸಿರಿನಲ್ಲಿ ಒಳಗೆ ಹೋದರೆ ಬೆಕ್ಕಿನ ಮೂಗಿನ ಮೇಲೆ ಗಡ್ಡೆ, ನಿಲ್ಲದ ಸಿಂಬಳ, ಮುಂದೆ ಕಣ್ಣು, ಮಿದುಳಿಗೂ ಹೋಗಬಹುದು. ಬೆಕ್ಕಿನಿಂದ ಮನುಷ್ಯರಿಗೆ ಹತ್ತುವುದಿಲ್ಲ, ಇಬ್ಬರಿಗೂ ಬರುವುದು ಆ ಹಿಕ್ಕೆಯ ಧೂಳಿನಿಂದಲೇ. ಒಣಗಿದ್ದನ್ನು ಗುಡಿಸಬೇಡಿ. ನೀರು ಚಿಮುಕಿಸಿ, ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ನಮ್ಮದು ಆನೇಕಲ್ ಕಡೆ, ನಾಲ್ಕು ಹಸು ಇವೆ. ಕರುವಿನ ಕಣ್ಣಿನ ಸುತ್ತ ಬಿಳಿ ಹುರುಪೆ ಕಟ್ಟಿದೆ.

ಅದೂ ಹುಳುಕಡ್ಡಿಯೇ ಇರಬಹುದು, ಆದರೆ ಜಾತಿ ಬೇರೆ: ಟ್ರೈಕೋಫೈಟಾನ್ ವೆರುಕೋಸಮ್. ಕತ್ತಲೆ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಟ್ಟಿದ ಕರುಗಳಿಗೆ ಜಾಸ್ತಿ. ಎರಡರಿಂದ ನಾಲ್ಕು ತಿಂಗಳಲ್ಲಿ ಹೆಚ್ಚಿನ ಕರುಗಳಿಗೆ ತಾನಾಗಿಯೇ ಹೋಗುತ್ತದೆ. ಬಿಸಿಲಿಗೆ ಕಟ್ಟಿ, ಬೇರೆ ಕರುಗಳಿಂದ ದೂರ ಇಡಿ. ಮೈ ಉಜ್ಜುವ ಬ್ರಶ್, ಹಗ್ಗ, ಕಂಬಗಳಿಂದಲೂ ಹರಡುತ್ತದೆ. ಹುರುಪೆಯನ್ನು ಬರಿಗೈಯಲ್ಲಿ ಕೀಳಬೇಡಿ, ನಿಮ್ಮ ಕೈಗೆ ಬಂದರೆ ಬೆಕ್ಕಿನದಕ್ಕಿಂತ ಹೆಚ್ಚು ಊದಿಕೊಂಡು ನೋಯುತ್ತದೆ.

ಕೆಚ್ಚಲು ಬಾವಿನ ಬಗ್ಗೆಯೂ ಒಂದು ಮಾತು. ಆಂಟಿಬಯೋಟಿಕ್ ಟ್ಯೂಬ್ ಮೇಲೆ ಟ್ಯೂಬ್ ಏರಿಸಿದರೂ ಬಗ್ಗದಿದ್ದರೆ ಅದು ಯೀಸ್ಟ್ ಬಾವು ಇರಬಹುದು. ಮೊಲೆ ತೊಟ್ಟನ್ನು ಒರೆಸದೆ ಏರಿಸಿದ ಟ್ಯೂಬಿನ ಜೊತೆಗೇ ಎಷ್ಟೋ ಸಲ ಯೀಸ್ಟ್ ಒಳಗೆ ಹೋಗಿರುತ್ತದೆ. ಇನ್ನೊಂದು ಟ್ಯೂಬ್ ತರುವ ಮೊದಲು ಹಾಲನ್ನು ಪರೀಕ್ಷೆಗೆ ಕೊಡಿ.

ಕಡಲೆಕಾಯಿ ಹಿಂಡಿ ಸ್ವಲ್ಪ ಬೂಷ್ಟು ಹಿಡಿದಿದೆ. ಬಿಸಿಲಿಗೆ ಒಣಗಿಸಿ ಹಾಕಬಹುದಾ?

ಬೇಡ. ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಕಾರಣ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ ಎಂದು ಗೊತ್ತಾಯಿತು. ಈ ವಿಷವನ್ನು ಕಂಡುಹಿಡಿದದ್ದೇ ಆಗ.

ಹಸು ಇದನ್ನು ತಿಂದರೆ ಲಿವರ್ ಕೆಡುತ್ತದೆ, ಹಾಲು ಇಳಿಯುತ್ತದೆ. ಒಂದು ಭಾಗ ಎಂ1 ಎಂಬ ರೂಪದಲ್ಲಿ ಹಾಲಿಗೂ ಬರುತ್ತದೆ. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಹಾಲಿಗೆ ಇದರ ಮಿತಿ ಒಂದು ಕೆಜಿಗೆ 0.5 ಮೈಕ್ರೋಗ್ರಾಂ. ಸಮಾಧಾನದ ವಿಷಯ ಎಂದರೆ ಕೆಟ್ಟ ಮೇವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲಿನಲ್ಲಿ ಇಳಿಯುತ್ತದೆ. ಹಿಂಡಿ, ಜೋಳದ ಮೂಟೆಗಳನ್ನು ಮಣೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ನಾಯಿಯ ಡ್ರೈ ಫುಡ್ಡಿಗೂ ಇದೇ ಮಾತು. ದೊಡ್ಡ ಚೀಲ ತೆರೆದು ಮೂರು ತಿಂಗಳು ಇಡಬೇಡಿ.

ಕಸದಲ್ಲಿದ್ದ ಬೂಷ್ಟು ಬ್ರೆಡ್ ತಿಂದು ನಾಯಿ ನಡುಗುತ್ತಿದೆ. ಏನು ಮಾಡಲಿ?

ಓದುವುದು ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೊರಡಿ. ಕೆಲವು ಬೂಷ್ಟುಗಳ ವಿಷ ನೇರವಾಗಿ ನರಕ್ಕೆ ಹೊಡೆಯುತ್ತದೆ. ನಡುಕ, ಆಮೇಲೆ ಫಿಟ್ಸ್. ನಡುಗುತ್ತಿರುವ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಜರ್ಮನ್ ಶೆಫರ್ಡ್ ಮೂಗಿನಲ್ಲಿ ರಕ್ತ. ಇದೂ ಫಂಗಸ್ಸಾ?

ಇರಬಹುದು. ಉದ್ದ ಮೂತಿಯ ನಾಯಿಗಳ ಮೂಗಿನೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯುವುದುಂಟು. ಒಂದು ಹೊಳ್ಳೆಯಿಂದ ಸಿಂಬಳ, ರಕ್ತ, ಮೂಗಿನ ತುದಿಯ ಕಪ್ಪು ಬಣ್ಣ ಮಾಸುವುದು ಅದರ ಗುರುತು. ಆದರೆ ನಮ್ಮ ಊರಿನಲ್ಲಿ ಮೊದಲು ನೋಡಬೇಕಾದ್ದು ಉಣ್ಣೆ ಜ್ವರ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ ಬರುತ್ತದೆ. ಅವತ್ತೇ ರಕ್ತಪರೀಕ್ಷೆ ಮಾಡಿಸಿ.

ಎಲ್ಲಿಗೆ ಕರೆದುಕೊಂಡು ಹೋಗೋದು?

ಮೊದಲು ನಿಮ್ಮ ಹತ್ತಿರದ ವೈದ್ಯರು. ಮೈಕ್ರೋಸ್ಕೋಪ್ ಇಟ್ಟುಕೊಂಡವರಾದರೆ ಒಳ್ಳೇದು. ಬಗ್ಗದ ಕೇಸಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಿಂದ ಇರುವ ಕಾಲೇಜು, ಚರ್ಮದ ಕೇಸುಗಳನ್ನು ನೋಡಿ ನೋಡಿ ಪಳಗಿದವರು ಸಿಗುತ್ತಾರೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹಸು ಸಾಕುವವರು ಪಶು ಸಹಾಯವಾಣಿ ಸಂಖ್ಯೆ 1962ಕ್ಕೆ ಫೋನ್ ಮಾಡಬಹುದು. ಬೆಳಗ್ಗೆ ಬೇಗ ಹೋಗಿ, ಸಾಲು ಇರುತ್ತದೆ.

ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಮುಲಾಮು ಹಚ್ಚಬೇಡಿ. ಪರೀಕ್ಷೆಗೆ ಏನೂ ಸಿಗದಂತಾಗುತ್ತದೆ. ಇಲ್ಲಿಯವರೆಗೆ ಹಚ್ಚಿದ ಟ್ಯೂಬು, ಡ್ರಾಪ್ಸು, ಮಾತ್ರೆಯ ಖಾಲಿ ಪಟ್ಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಮೂರಂಗಡಿಯ ಮೂರು ಟ್ಯೂಬ್ ತೋರಿಸಲು ನಾಚಿಕೆ ಆಗುತ್ತದೆ, ಗೊತ್ತು. ನಾನು ಒಯ್ದ ಕವರಿನಲ್ಲಿ ಐದಿದ್ದವು.